‘ನಿರಪೇಕ್ಷ ನೀತಿ’ಗೆ ಬಳಕೆಯ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಶ್ರೀನಿವಾಸಪುರದ ಕಡೆಯವನು. ಈಚೆಗೆ ಕೋಲಾರದ ಒಂದು ಕಾಲೇಜಿನವರು ಪಿಯು ಮಕ್ಕಳ ಚರ್ಚಾಸ್ಪರ್ಧೆಗೆ ವಿಷಯ ಬರೆದುಕೊಡಿ ಎಂದರು. ‘ನೀತಿ ನಿರಪೇಕ್ಷವೋ, ಸಾಪೇಕ್ಷವೋ?’ ಎಂದು ಬರೆದುಕೊಟ್ಟೆ. ಅಂದರೆ ಸರಿ-ತಪ್ಪು ಎಲ್ಲ ಕಡೆಗೂ ಒಂದೇನಾ, ಇಲ್ಲಾ ಊರು, ರೂಢಿ ನೋಡಿ ಬದಲಾಗುತ್ತಾ ಅಂತ. ಒಬ್ಬ ಹುಡುಗ ಎದ್ದು, ಏನನ್ನೂ ಅಪೇಕ್ಷೆ ಪಡದೆ ಒಳ್ಳೇದು ಮಾಡಬೇಕು ಅಂತ ಐದು ನಿಮಿಷ ಮಾತಾಡಿದ. ಚೆನ್ನಾಗೇ ಮಾತಾಡಿದ, ವಿಷಯ ಮಾತ್ರ ಬೇರೆ. ಅವನನ್ನು ದೂರಿ ಫಲವಿಲ್ಲ. ನಮ್ಮ ಬಳಕೆಯಲ್ಲಿ ಅಪೇಕ್ಷೆ ಅಂದರೆ ಆಸೆ. ‘ಇನ್ನೊಂದನ್ನು ನೆಚ್ಚಿಕೊಂಡಿರುವುದು’ ಎನ್ನುವ ಅರ್ಥ ಸಾಪೇಕ್ಷತಾ ಸಿದ್ಧಾಂತದಂಥ ಕಡೆ ಉಳಿದಿದೆ ಅಷ್ಟೆ.

‘ನೀತಿ’ಯೂ ಕೈಕೊಟ್ಟಿದೆ. ನಾಯಕ, ನೇತಾರ ಬಂದ ‘ನೀ’ ಧಾತುವಿನಿಂದಲೇ ಅದೂ ಬಂದದ್ದು. ನಡೆಸು, ಕರೆದೊಯ್ಯು ಅಂತ ಅರ್ಥ. ಈಗ ಪೇಪರ್ ತೆರೆದರೆ ಕೈಗಾರಿಕಾ ನೀತಿ, ಶಿಕ್ಷಣ ನೀತಿ. ಚುನಾವಣೆ ಬಂದರೆ ನೀತಿ ಸಂಹಿತೆ ಜಾರಿ, ಮುಗಿದರೆ ತೆರವು! ಇನ್ನು ಹುಡುಗ ಹುಡುಗಿಯನ್ನು ಅಡ್ಡಗಟ್ಟಿ ಬೈಯುವವರ ಸುದ್ದಿ ಒಂದು ಕಡೆ ‘ನೈತಿಕ ಪೊಲೀಸ್‌ಗಿರಿ’, ಇನ್ನೊಂದು ಕಡೆ ‘ಅನೈತಿಕ ಪೊಲೀಸ್‌ಗಿರಿ’. ನಡೆದದ್ದು ಒಂದೇ. ಒಂದು ಹೆಸರು ಅವರು ಕೊಡುವ ನೆಪದ್ದು, ಇನ್ನೊಂದು ಬರೆದವರ ತೀರ್ಪಿನದು.

ಆಗ ನೆನಪಾದದ್ದು ನಮ್ಮಜ್ಜಿಯ ಮಾತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಎರಡರಲ್ಲೂ ಅವರ ಅಳತೆಗೋಲು ‘ವರಸೆ’, ಅಂದರೆ ನಂಟಿನಲ್ಲಿ ಯಾರಿಗೆ ಯಾರನ್ನು ಮದುವೆ ಮಾಡಬಹುದು ಅನ್ನುವ ಲೆಕ್ಕ. ಅಕ್ಕನ ಮಗಳು ವರಸೆ ಆಗ್ತಾಳೆ, ಸೋದರಮಾವನ ಮಗಳೂ ಆಗ್ತಾಳೆ. ಚಿಕ್ಕಪ್ಪನ ಮಗಳು ತಂಗಿ, ಆ ಮಾತೇ ಎತ್ತಬಾರದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಉತ್ತರ ಪ್ರದೇಶದವರೊಬ್ಬರು, ನಾನು ‘ಅಕ್ಕನ ಮಗಳು’ ಅನ್ನುವಷ್ಟರಲ್ಲೇ ಕಿವಿ ಮುಚ್ಚಿಕೊಂಡರು. 1955ರ ಹಿಂದೂ ವಿವಾಹ ಕಾಯ್ದೆಯೂ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವುದನ್ನು ಆಗಬಾರದ ಸಂಬಂಧಗಳ ಸಾಲಿಗೇ ಸೇರಿಸಿದೆ. ಆದರೆ ಎರಡೂ ಕಡೆಯವರ ರೂಢಿ ಒಪ್ಪಿದರೆ ಆಗಬಹುದು ಅಂತ ಬಾಗಿಲನ್ನೂ ತೆರೆದಿಟ್ಟಿದೆ.

ಇಷ್ಟು ನೋಡಿದರೆ ಅಜ್ಜಿ ಪೂರಾ ಸಾಪೇಕ್ಷದ ಪಕ್ಷ ಅನ್ನಿಸಬೇಕು. ಹಾಗಿರಲಿಲ್ಲ. ವರಸೆ ಕೆಟ್ಟ ಮದುವೆಯನ್ನು ಅವರು ‘ತಪ್ಪು’ ಅಂತಿದ್ದರು, ‘ಪಾಪ’ ಅಂತಿರಲಿಲ್ಲ. ತಪ್ಪಿಗೆ ದಂಡ ಉಂಟು, ದೇವರಿಗೆ ತಪ್ಪುಕಾಣಿಕೆ ಉಂಟು. ಮಾವಿನ ತೋಪಿನಲ್ಲಿ ಕಾಯಿ ಕಿತ್ತವರ ಕೂಲಿ ಹಿಡಿದುಕೊಂಡರೆ ಮಾತ್ರ ‘ಪಾಪ ಸುತ್ಕೊಳ್ಳುತ್ತೆ’. ಆ ಕಡೆ ಊರಲ್ಲಿ ಹಾಗೇ ನಡೆಯುತ್ತಂತೆ ಕಣಜ್ಜಿ ಅಂದರೆ, ‘ಯಾವೂರಾದ್ರೇನು, ಕೂಲಿಯವಳಿಗೆ ಹೊಟ್ಟೆ ಇಲ್ವಾ?’ ಅಂತಿದ್ದರು.

ಈ ಎರಡು ಪದಗಳ ನಡುವೆ ಆ ಚರ್ಚೆಯೆಲ್ಲ ಅಡಗಿದೆ ಅಂತ ನನ್ನ ಗುಮಾನಿ. ದಾರಿ ತಪ್ಪು, ಲೆಕ್ಕ ತಪ್ಪು, ಬಸ್ಸು ತಪ್ಪು ಅನ್ನುತ್ತೇವೆ. ತಪ್ಪಬೇಕಾದರೆ ಯಾರೋ ಮೊದಲು ದಾರಿ ಹಾಕಿರಬೇಕು. ‘ಸರಿ’ಯೂ ಅಷ್ಟೆ. ಸರಿಸಮ, ಸರಿಸಾಟಿ ಅಂದಾಗ ಯಾವುದಕ್ಕೆ ಸರಿ ಅನ್ನುವ ಪ್ರಶ್ನೆ ಇದ್ದೇ ಇದೆ. ಇಂಗ್ಲಿಷಿನ ‘ಮಾರಲ್’ ಕೂಡ ರೂಢಿ ಅನ್ನುವ ಅರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. ಪಾಪಕ್ಕೆ ಹೀಗೆ ಊರಿನ ಹಂಗಿಲ್ಲ.

ತೊಂದರೆ ಏನೆಂದರೆ, ಪಾಪ ಅಂದ ಕೂಡಲೇ ನರಕ, ಯಮ ಬಂದು ಕೂರುತ್ತಾರೆ. ದೇವರನ್ನು ನಂಬದ ಹುಡುಗಿ ಆ ಪದವನ್ನು ಹೇಗೆ ಬಳಸಬೇಕು? ‘ಅಯ್ಯೋ ಪಾಪ’ ಅನ್ನುವ ಕನಿಕರ ಬೇರೆ ಅಡ್ಡ ಬರುತ್ತೆ. ‘ಅನ್ಯಾಯ’ ಹತ್ತಿರ ಬರುತ್ತೆ. ಆದರೆ ನಮ್ಮ ಕಡೆ ಹಾಲು ಚೆಲ್ಲಿದರೂ ‘ಅನ್ಯಾಯವಾಗಿ ಹೋಯ್ತು’ ಅನ್ನುತ್ತಾರೆ. ಪದ ಸವೆದುಹೋಗಿದೆ.

ಸದ್ಯಕ್ಕೆ ವಿಷಯವನ್ನು ‘ಸರಿ-ತಪ್ಪು ಊರಿಗೊಂದೋ, ಎಲ್ಲರಿಗೂ ಒಂದೋ?’ ಎಂದು ತಿದ್ದಿದ್ದೇನೆ. ಮಕ್ಕಳಿಗೆ ಅರ್ಥವಾಗುತ್ತೆ, ಆದರೆ ಪಠ್ಯದಲ್ಲಿ ಬಳಸಲು ಇದು ಉದ್ದ ಜಾಸ್ತಿ. ದೇವರ ಸುದ್ದಿಯಿಲ್ಲದೆ ಅಜ್ಜಿಯ ‘ಪಾಪ’ದಷ್ಟೇ ಗಟ್ಟಿಯಾದ ಪದ ನಿಮ್ಮ ಕಡೆ ಇದೆಯಾ? ಪಾವಗಡ, ಬಾಗೇಪಲ್ಲಿಯವರು ತಪ್ಪು-ಪಾಪಗಳನ್ನು ಹೀಗೇ ಬೇರೆ ಮಾಡುತ್ತಾರಾ, ಇಲ್ಲಾ ಇದು ಸುಮ್ನೆ ನಮ್ಮ ಮನೆಯ ಮಾತಾ? ಬಲ್ಲವರು ಬರೆಯಿರಿ.