ಚರ್ಚಿನ ಪೇಜ್ ನಡೆಸುತ್ತಿರುವವರು ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಎಲ್ಲರಿಗೂ ವಂದನೆಗಳು. ನಮ್ಮದು ನೂರೈವತ್ತು ಜನರ ಸಭೆ. ಫೇಸ್‌ಬುಕ್ ಪೇಜ್, ಯೂಟ್ಯೂಬ್ ಚಾನೆಲ್, ಎರಡು ವಾಟ್ಸ್‌ಆ್ಯಪ್ ಗ್ರೂಪ್ ಎಲ್ಲಾ ಇವೆ. ದಿನಾ ಬೆಳಗ್ಗೆ ಬೈಬಲ್ ವಾಕ್ಯದ ಚಿತ್ರ ಹಾಕುತ್ತೇವೆ. ಲೈಕ್ ಕೊಡುವವರು ಅದೇ ಹತ್ತು ಜನ, ಅವರೂ ನಮ್ಮವರೇ. ಹೊರಗಿನವರನ್ನು ತಲುಪುವುದು ಹೇಗೆ? ಈ ಕೆಲಸ ಈಗ ಯೌವನಸ್ಥರ ಗುಂಪಿನಿಂದ ನನ್ನ ಪಾಲಿಗೆ ಬಂದಿದೆ.

ಆರು ವರ್ಷದಿಂದ ಪೇಜ್ ನೋಡಿಕೊಳ್ಳುತ್ತಿರುವವರು:
ನಾವೂ ಹೀಗೇ ಶುರು ಮಾಡಿದ್ದು. ಒಂದು ದಿನ ಪೇಜಿನ ಇನ್‌ಬಾಕ್ಸ್ ತೆರೆದು ನೋಡಿದೆ. ಒಂಬತ್ತು ದಿನದ ಹಿಂದೆ ಒಬ್ಬರು ಬರೆದಿದ್ದರು: "ನಾನು ನಿಮ್ಮ ಚರ್ಚಿನವಳಲ್ಲ. ಭಾನುವಾರ ಸುಮ್ನೆ ಬಂದು ಹಿಂದೆ ಕೂರಬಹುದಾ? ಯಾರಾದ್ರೂ ಏನಾದ್ರೂ ಕೇಳ್ತಾರಾ?" ಆ ಒಂಬತ್ತು ದಿನವೂ ನಾವು ತಪ್ಪದೆ ವಾಕ್ಯದ ಚಿತ್ರ ಹಾಕಿದ್ದೆವು. ಇದನ್ನು ಮಾತ್ರ ಯಾರೂ ನೋಡಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಕ್ಷಮೆ ಕೇಳಿ ಉತ್ತರ ಬರೆದೆ. ಮೂರು ವಾರ ಬಿಟ್ಟು ಅವರು ಬಂದರು. ಬಾಗಿಲ ಪಕ್ಕದ ಕೊನೇ ಸಾಲಿನಲ್ಲಿ ಕೂತು, ಕಡೇ ಹಾಡಿಗೆ ಮುಂಚೆ ಎದ್ದು ಹೋದರು. ಮುಂದಿನ ತಿಂಗಳ ಹೊತ್ತಿಗೆ ಹಾಡು ಮುಗಿಯುವವರೆಗೂ ಇರುತ್ತಿದ್ದರು.

ಅಂದಿನಿಂದ ಇಬ್ಬರಿಗೆ ಇದೊಂದೇ ಕೆಲಸ ಕೊಟ್ಟಿದ್ದೇವೆ. ಬಂದ ಸಂದೇಶಕ್ಕೆ ಅದೇ ದಿನ ಉತ್ತರ ಹೋಗಬೇಕು. ಸಾವು, ಕಾಯಿಲೆ, ಮನೆಯೊಳಗಿನ ಕಷ್ಟ ಅಂತ ಯಾರಾದರೂ ಬರೆದರೆ ಟೈಪ್ ಮಾಡುತ್ತಾ ಕೂರುವುದಿಲ್ಲ. ಅವರು ಒಪ್ಪಿದರೆ ಪಾಸ್ಟರ್ ಫೋನ್ ಮಾಡುತ್ತಾರೆ. ಪೋಸ್ಟ್ ಕಮ್ಮಿಯಾದರೂ ಪರವಾಗಿಲ್ಲ, ಉತ್ತರ ನಿಲ್ಲಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪೋಸ್ಟ್ ಬಗ್ಗೆ ಒಂದು ಮಾತು. ಹೊಸಬರಿಗೆ ಮೊದಲು ಬರುವ ಪ್ರಶ್ನೆಗಳು ತುಂಬಾ ಸಣ್ಣವು. ಯಾವ ಬಾಗಿಲಿಂದ ಬರಬೇಕು? ಎಷ್ಟು ಹೊತ್ತು ಇರುತ್ತೆ? ಮಗು ಅತ್ತರೆ? ಕಾಣಿಕೆ ಹಾಕಲೇಬೇಕಾ? ನಾವು ಗೇಟಿನಿಂದ ಕುರ್ಚಿವರೆಗೆ ನಡೆದು ಹೋಗುವ ನಲವತ್ತು ಸೆಕೆಂಡಿನ ವಿಡಿಯೋ ಮಾಡಿ ಪೇಜಿನ ಮೇಲ್ತುದಿಯಲ್ಲಿ ಇಟ್ಟೆವು. ಬೇರೆ ಯಾವ ಪೋಸ್ಟ್ ನೋಡಿಯೂ ಅಷ್ಟು ಜನ ಹೊಸಬರು ನಮ್ಮನ್ನು ಮಾತಾಡಿಸಿರಲಿಲ್ಲ.

ಪ್ರಾರ್ಥನಾ ಗುಂಪಿನವರು:
ಪ್ರಾರ್ಥನೆ ಕೋರಿಕೆಗಳ ವಿಷಯದಲ್ಲಿ ದಯವಿಟ್ಟು ಹುಷಾರು. ನನ್ನ ಆಪರೇಷನ್ ವಿಷಯ ಒಬ್ಬರಿಗೆ ಮಾತ್ರ ಹೇಳಿದ್ದೆ. ಸಂಜೆಗೆ ಅದು ಚರ್ಚಿನ ಗ್ರೂಪಿನಲ್ಲಿತ್ತು. ನಾನು ಹೇಳುವ ಮೊದಲೇ ನನ್ನ ತಾಯಿಗೆ ಫಾರ್ವರ್ಡ್ ಆಗಿ ತಲುಪಿತು. ಹಾಕಿದವರ ಮನಸ್ಸು ಒಳ್ಳೆಯದೇ, ಆದರೆ ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಈಗ ನಮ್ಮಲ್ಲಿ ಅವರವರೇ ಒಪ್ಪಿಗೆ ಕೊಡದೆ ಹೆಸರು, ಕಾಯಿಲೆ, ಆಸ್ಪತ್ರೆ ಏನನ್ನೂ ಬರೆಯುವುದಿಲ್ಲ.

ವಾಟ್ಸ್‌ಆ್ಯಪ್ ಗ್ರೂಪಿಗೆ 1024 ಜನ ಸೇರಬಹುದು. ಹಾಗಂತ ಎಲ್ಲರನ್ನೂ ಒಂದರಲ್ಲೇ ತುಂಬಬೇಡಿ. ಅಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಇದು ಮುಜುಗರ. ಪ್ರಕಟಣೆಗೆ ವಾಟ್ಸ್‌ಆ್ಯಪ್ ಚಾನೆಲ್ ಸಾಕು, ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಮನಸ್ಸು ಬಿಚ್ಚಿ ಮಾತಾಡೋಕೆ ಹತ್ತು ಹನ್ನೆರಡು ಜನರ ಗುಂಪೇ ಬೇಕು.

ಸಂಡೇ ಸ್ಕೂಲ್ ಟೀಚರ್:
ಮಕ್ಕಳ ಫೋಟೋ ಹಾಕುವ ಮುಂಚೆ ಅಪ್ಪ ಅಮ್ಮನಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಫೋಟೋ ಜೊತೆ ಹೆಸರು ಬೇಡ. ನಾವು ಜಾಸ್ತಿ ಹಾಕುವುದು ಅವರು ಬಿಡಿಸಿದ ಚಿತ್ರಗಳನ್ನೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು ಅನ್ನುವುದೂ ನೆನಪಿರಲಿ. ದೊಡ್ಡವರು ಯಾವ ಮಗುವಿನ ಜೊತೆಯೂ ಒಬ್ಬೊಬ್ಬರೇ ಚಾಟ್ ಮಾಡಬಾರದು. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಸೌಂಡ್ ನೋಡಿಕೊಳ್ಳುವವರು:
ಲೈವ್ ಮಾಡುವುದಾದರೆ ಮೊದಲು ಧ್ವನಿ ಸರಿ ಮಾಡಿಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಪಾಸ್ಟರ್ ಮಾಡುವ ಪ್ರಸಂಗ ಕೇಳಿಸದಿದ್ದರೆ ಬಿಟ್ಟು ಹೋಗುತ್ತಾರೆ. ನಮ್ಮ ಫೋನ್ ಹಾಲಿನ ಹಿಂದುಗಡೆ ಇರುತ್ತಿತ್ತು, ಅದರಲ್ಲಿ ಫ್ಯಾನಿನ ಸದ್ದೇ ಜಾಸ್ತಿ. ಮೈಕುಗಳನ್ನು ಜೋಡಿಸುವ ಸೌಂಡ್ ಮಿಕ್ಸರ್‌ನಿಂದ ಒಂದು ವೈರ್ ಎಳೆದು ಫೋನಿಗೆ ಕೊಟ್ಟ ಮೇಲೆ ಸರಿಹೋಯಿತು. ಯೂಟ್ಯೂಬಿನಲ್ಲಿ ಮೊಬೈಲಿನಿಂದ ಲೈವ್ ಹೋಗಲು 50 ಸಬ್‌ಸ್ಕ್ರೈಬರ್ ಬೇಕು. ಮೊದಲ ಸಲ ಲೈವ್ ಆನ್ ಮಾಡಿದರೆ 24 ಗಂಟೆವರೆಗೆ ಕಾಯಬೇಕಾಗಬಹುದು. ಶನಿವಾರ ರಾತ್ರಿ ಶುರು ಮಾಡಬೇಡಿ. ಇನ್ನು ಹಾಡು. ಕೀರ್ತನೆ ಹಳೆಯದಾದರೂ ನೀವು ಹಾಕುವ ರೆಕಾರ್ಡಿಂಗ್ ಬೇರೆಯವರದಾಗಿರಬಹುದು. ಆಗ ಅದರ ಹಕ್ಕು ಇರುವವರಿಂದ ಕಾಪಿರೈಟ್ ಕ್ಲೇಮ್ ಬರಬಹುದು.

ಮನೆಯಿಂದಲೇ ಆರಾಧನೆ ನೋಡುವವರು:
ನಾನು ಎರಡು ವರ್ಷದಿಂದ ಮಂಚದಲ್ಲೇ ಇದ್ದೇನೆ. ಲೈವ್‌ನಲ್ಲಿ ಪಾಸ್ಟರ್ ಮುಖ ಒಂದೇ ಕಾಣುತ್ತದೆ. ನನಗೆ ಜನರನ್ನು ನೋಡುವ ಆಸೆ. ಒಂದು ಭಾನುವಾರ ಆರಾಧನೆಗೆ ಮುಂಚೆ ಒಬ್ಬ ಹುಡುಗ ಕ್ಯಾಮರಾ ಹತ್ತಿರ ಬಂದು "ಆಂಟಿ, ಕಾಣಿಸ್ತಿದೆಯಾ?" ಅಂತ ಕೈ ಬೀಸಿದ. ನಾನೂ ಇಲ್ಲಿಂದ ಕೈ ಬೀಸಿದೆ. ಲೈವ್ ನಡೆಯುವಾಗ ಕಾಮೆಂಟಿನಲ್ಲಿ ನಮ್ಮನ್ನು ಮಾತಾಡಿಸಲು ಒಬ್ಬರನ್ನು ಕೂರಿಸಿ. ಆದರೆ ಕೊನೇ ಸಾಲು ಕ್ಯಾಮರಾಕ್ಕೆ ಬೀಳದಿರಲಿ, ಹಿಂದೆ ಕೂರಲು ಬರುವವರಿಗೆ ಆ ಜಾಗ ಬೇಕು.

ಪ್ರಶ್ನೆ ಕೇಳಿದವರು:
ಇದನ್ನೆಲ್ಲಾ ಓದಿ ಇವತ್ತೇ ಇನ್‌ಬಾಕ್ಸ್ ತೆರೆದೆ. ಏಳು ಸಂದೇಶ ಇದ್ದವು. ಒಂದು ಹೋದ ಕ್ರಿಸ್‌ಮಸ್‌ನದು, "ಆರಾಧನೆ ಎಷ್ಟು ಗಂಟೆಗೆ? ನಾನು ಒಬ್ಬನೇ ಬರೋದು." ಈಗ ಅವರಿಗೆ ಏನಂತ ಬರೆಯಲಿ?

ಆರು ವರ್ಷದಿಂದ ಪೇಜ್ ನೋಡಿಕೊಳ್ಳುತ್ತಿರುವವರು:
ತಡವಾಯಿತು, ಕ್ಷಮಿಸಿ ಅಂತ ನೇರವಾಗಿ ಬರೆಯಿರಿ. ಕೆಳಗೆ ಚರ್ಚಿನ ಹೆಸರಷ್ಟೇ ಅಲ್ಲ, ನಿಮ್ಮ ಹೆಸರೂ ಹಾಕಿ. ಈ ಭಾನುವಾರದ ಸಮಯ ಹೇಳಿ, ಬಂದರೆ ಬಾಗಿಲ ಹತ್ತಿರ ನಾನೇ ಇರ್ತೀನಿ ಅಂತ ಸೇರಿಸಿ. ಆಮೇಲೆ ಆರಾಧನೆ ಶುರುವಾದ ಮೇಲೂ ಒಂದು ಹತ್ತು ನಿಮಿಷ ಅಲ್ಲೇ ನಿಂತಿರಿ. ಒಬ್ಬರೇ ಬರುವವರು ಸಾಮಾನ್ಯವಾಗಿ ತಡವಾಗಿ ಬರುತ್ತಾರೆ.