ಮ್ಯೂನಿಕ್ಕಿಗೆ ಹೊರಡೋ ಮುಂಚೆ: ನನ್ನ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ಊರು ಹಾಸನ, ಹದಿಮೂರು ವರ್ಷದಿಂದ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಮ್ಯೂನಿಕ್‌ನಿಂದ ವರ್ಷಕ್ಕೆ 72,000 ಯೂರೋದ ಆಫರ್ ಬಂದಿದೆ. ಇಲ್ಲಿ ವರ್ಷಕ್ಕೆ 34 ಲಕ್ಷ ಸಿಟಿಸಿ (ಕಂಪನಿ ಲೆಕ್ಕದ ಒಟ್ಟು ಸಂಬಳ), ಕೈಗೆ ತಿಂಗಳಿಗೆ 2.1 ಲಕ್ಷ. ಹೆಂಡತಿ ದಂತವೈದ್ಯೆ, ರಾಜಾಜಿನಗರದ ಒಂದು ಕ್ಲಿನಿಕ್ಕಿಗೆ ಹೋಗ್ತಾಳೆ, ಅವಳಿಗೆ 70 ಸಾವಿರ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಅಮ್ಮ ಹಾಸನದಲ್ಲಿ ಒಬ್ಬರೇ, ಮಂಡಿನೋವು ಬಿಟ್ರೆ ಸದ್ಯ ಗಟ್ಟಿಯಾಗಿದ್ದಾರೆ.

ನಂಬಿಯೋ (Numbeo) ತರದ, ಊರೂರಿನ ಖರ್ಚು ಹೋಲಿಸೋ ಸೈಟು ನೋಡಿ ಎಕ್ಸೆಲ್ ಹಾಳೆ ಮಾಡಿ ಇಲ್ಲಿ ಹಾಕಿದೀನಿ. ಬಾಡಿಗೆ, ದಿನಸಿ, ಕರೆಂಟು, ಬಸ್ಸು, ಸ್ಕೂಲ್ ಫೀಸು ಎಲ್ಲಾ ಸೇರಿಸಿದ್ರೂ ಮ್ಯೂನಿಕ್ಕಲ್ಲಿ ತಿಂಗಳಿಗೆ ಒಂದು ಲಕ್ಷದಷ್ಟು ಹೆಚ್ಚು ಉಳಿಯುತ್ತೆ ಅಂತ ಬರ್ತಿದೆ. ಹತ್ತು ದಿನದಲ್ಲಿ ಉತ್ತರ ಕೊಡಬೇಕು. ಲೆಕ್ಕ ಸರಿ ಇದೆಯಾ ಹೇಳಿ.

ಈಸಾರ್ ಮಲ್ಲಿಗೆ:
ಸರ್, ಮ್ಯೂನಿಕ್ಕಲ್ಲಿ ಆರು ವರ್ಷದಿಂದ ಇದೀವಿ. ಮೊದಲು ಸಂಬಳ. 72,000ಕ್ಕೆ ತಿಂಗಳಿಗೆ 6,000 ಆಯ್ತು. ಪಿಂಚಣಿ, ಆರೋಗ್ಯವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆ ಎಲ್ಲಾ ಕಳೆದು, ನೀವು ಮೂರನೇ ತೆರಿಗೆ ವರ್ಗ ತಗೊಂಡ್ರೆ ಕೈಗೆ ಸುಮಾರು 4,100 ಬರುತ್ತೆ. ಆ ವರ್ಗ ಒಬ್ಬರೇ ದುಡಿಯೋ ಮನೆಗೆ ಲಾಭ. ಹೆಂಡತಿ ದುಡಿಯೋಕೆ ಶುರು ಮಾಡಿದ್ರೆ ಲೆಕ್ಕ ಬದಲಾಗುತ್ತೆ. ಮಗುವಿನ ಹಣ ಅಂತ ಸರ್ಕಾರ ಕೊಡುತ್ತೆ, 2025ರಲ್ಲಿ ತಿಂಗಳಿಗೆ 255 ಯೂರೋ. ಸರ್ಕಾರಿ ಆರೋಗ್ಯವಿಮೆ ತಗೊಂಡ್ರೆ, ಆದಾಯ ಇಲ್ಲದ ಹೆಂಡತಿ ಮಕ್ಕಳಿಗೆ ಬೇರೆ ಕಂತು ಕಟ್ಟಬೇಕಾಗಿಲ್ಲ. ಅದು ದೊಡ್ಡ ಸಮಾಧಾನ.

ಈಗ ಬಾಡಿಗೆ. ಜಾಹೀರಾತಲ್ಲಿ ಎರಡು ಮೊತ್ತ ಇರುತ್ತೆ, ತಣ್ಣನೆ ಬಾಡಿಗೆ ಮತ್ತು ಬೆಚ್ಚನೆ ಬಾಡಿಗೆ. ತಣ್ಣನೆಯದು ಬರೀ ಗೋಡೆ ಸೂರಿಗೆ. ಹೀಟರು, ನೀರು, ಕಸ, ಮೆಟ್ಟಿಲು ಗುಡಿಸೋದು ಸೇರಿದ್ದು ಬೆಚ್ಚನೆಯದು. ಮನೆಯ ಕರೆಂಟು ಅದರ ಮೇಲೆ ಇನ್ನೂ ಬೇರೆ. ನೀವು ಹಾಕಿರೋದು ತಣ್ಣನೆಯದು ಅನ್ನಿಸುತ್ತೆ. ಎರಡು ಬೆಡ್‌ರೂಮಿಗೆ ನಾವು ಈಗ 1,950 ಬೆಚ್ಚನೆ ಕೊಡ್ತಿದೀವಿ. ಅದೂ ಊರಾಚೆ.

ಇನ್ನೊಂದು ಯಾವ ಸೈಟಲ್ಲೂ ಕಾಣಲ್ಲ. ನಮಗೆ ಮೊದಲ ಮನೆಯ ಬೀಗದ ಕೈ ಸಿಕ್ಕಿದ ಸಂಜೆ ಅಡುಗೆಮನೆ ಬಾಗಿಲು ತೆಗೆದ್ರೆ ಒಳಗೆ ಏನೂ ಇಲ್ಲ. ಗೋಡೆಯಿಂದ ಎರಡು ನೀರಿನ ಪೈಪು, ಒಲೆಗೆ ಅಂತ ಮೂತಿ ಮುಚ್ಚಿದ ಒಂದು ದಪ್ಪ ವೈರು, ಅಷ್ಟೇ. ಸಿಂಕಿಲ್ಲ, ಕಟ್ಟೆಯಿಲ್ಲ. ಹಿಂದಿನ ಬಾಡಿಗೆಯವರು ಇಡೀ ಅಡುಗೆಮನೆ ಬಿಚ್ಚಿ ಹೊತ್ತುಕೊಂಡು ಹೋಗಿದ್ರು, ಇಲ್ಲಿ ಅದು ಮಾಮೂಲು. ಐದು ವಾರ ನೆಲದ ಮೇಲೆ ಇಂಡಕ್ಷನ್ ಇಟ್ಟು ಉಪ್ಪಿಟ್ಟು, ಚಿತ್ರಾನ್ನ ಮಾಡಿದೀನಿ. ಪಾತ್ರೆ ತೊಳೆದಿದ್ದು ಬಾತ್‌ಟಬ್ಬಲ್ಲಿ, ಮೊಣಕಾಲೂರಿ. ಅಡುಗೆಮನೆ ಹಾಕಿಸೋಕೆ 4,300 ಯೂರೋ ಆಯ್ತು. ಅಡ್ವಾನ್ಸು ಮೂರು ತಿಂಗಳ ತಣ್ಣನೆ ಬಾಡಿಗೆ ಮೀರೋ ಹಾಗಿಲ್ಲ ಅಂತ ಕಾನೂನಿದೆ, ಆದ್ರೂ ಎಲ್ಲಾ ಒಟ್ಟಿಗೆ ಬಂದು ಬೀಳುತ್ತೆ. ಬರುವಾಗ ಕೈಯಲ್ಲಿ ಹನ್ನೆರಡು ಸಾವಿರ ಯೂರೋ ಆದ್ರೂ ಇರಲಿ.

ಮರಳಿ ಮಲ್ಲೇಶ್ವರ:
ನಾನು ಫ್ರಾಂಕ್‌ಫರ್ಟಲ್ಲಿ ಏಳು ವರ್ಷ ಇದ್ದು 2021ರಲ್ಲಿ ವಾಪಸ್ ಬಂದವನು. ನಿಮ್ಮ ಹಾಳೆಯ ತಪ್ಪು ಒಂದೇ ಸಾಲಲ್ಲಿ ಇದೆ. ಯೂರೋನ ನೂರರಿಂದ ಗುಣಿಸಿ 4.1 ಲಕ್ಷ ಅಂತ ನೋಡ್ತಿದೀರ. ಅಲ್ಲಿ ಖರ್ಚಾಗೋ ದುಡ್ಡನ್ನ ರೂಪಾಯಿ ಮಾಡಬೇಡಿ, ಕ್ಷೌರಕ್ಕೆ ಹೋದ್ರೂ ಹೊಟ್ಟೆ ಉರಿಯುತ್ತೆ. ಉಳಿದದ್ದನ್ನ ಮಾತ್ರ ರೂಪಾಯಿಗೆ ತಿರುಗಿಸಿ. 4,100ರಲ್ಲಿ 1,950 ಬಾಡಿಗೆಗೆ ಹೋದ್ರೆ ಉಳಿಯೋದು 2,150. ಊಟ, ಓಡಾಟ, ಮಗು, ವರ್ಷಕ್ಕೊಮ್ಮೆ ಮೂರು ಜನರ ವಿಮಾನ ಎಲ್ಲಾ ಅದರಲ್ಲೇ. ಮೊದಲ ಎರಡು ವರ್ಷ ತಿಂಗಳಿಗೆ 600 ಯೂರೋ ಉಳಿಸಿದ್ರೆ ಪುಣ್ಯ. ಇಲ್ಲಿ ನೀವಿಬ್ಬರೂ ಸೇರಿ 2.8 ಲಕ್ಷ ತರ್ತಿದೀರ. ದುಡ್ಡಿಗೋಸ್ಕರ ಹೋಗೋದಾದ್ರೆ ಬೇಡ.

ಕೆಂಗೇರಿ ಉಪನಗರ:
@ಮರಳಿ ಮಲ್ಲೇಶ್ವರ ಸರ್, ಹೋಗಿ ಅನುಭವಿಸಿ ಬಂದವರು ಹೋಗೋರಿಗೆ ಬೇಡ ಅನ್ನೋದು ನನಗೆ ಸರಿ ಕಾಣಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಬಡಾವಣೆ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಬೆಳಗಿನ ಜಾವ ಫೋನ್ ಹಿಡ್ಕೊಂಡು ಕೂತಿದ್ವಿ. ದಿನಾ ವೈಟ್‌ಫೀಲ್ಡಿಗೆ ಹೋಗಿ ಬರೋಕೆ ನನಗೆ ನಾಲ್ಕು ಗಂಟೆ. ಮಗ ಎಚ್ಚರ ಇರೋವಾಗ ನನ್ನನ್ನ ನೋಡೋದು ಶನಿವಾರ ಭಾನುವಾರ. ಜೀವನಮಟ್ಟ ಅಂದ್ರೆ ಇದೂ ಸೇರಬೇಕಲ್ವಾ? ಅಲ್ಲಿ ಮಗು ಎಂಟು ವರ್ಷಕ್ಕೇ ತಾನೇ ನಡ್ಕೊಂಡು ಸ್ಕೂಲಿಗೆ ಹೋಗುತ್ತೆ ಅಂತ ನನ್ನ ತಮ್ಮ ಹೇಳ್ತಾನೆ. ಇದಕ್ಕೆ ಎಷ್ಟು ಲಕ್ಷ ಹಾಕ್ತೀರಾ?

ಮರಳಿ ಮಲ್ಲೇಶ್ವರ:
ನಿಮ್ಮ ಮಾತು ಒಪ್ಪಿದೆ. ಫುಟ್‌ಪಾತು, ಗಾಳಿ, ಸಂಜೆ ಐದೂವರೆಗೆ ಮನೆ, ಇವೆಲ್ಲ ನಿಜ, ನನಗೆ ಇವತ್ತಿಗೂ ಅವು ನೆನಪಾಗುತ್ತೆ. ಆದ್ರೆ ಹೇಮಾವತಿಯವರ ಅಮ್ಮ ಒಬ್ಬರೇ ಇದ್ದಾರೆ ಅಂತ ಓದಿ ನನಗೆ ಬರೆಯದೆ ಇರೋಕೆ ಆಗಲಿಲ್ಲ.

ನಮ್ಮ ತಂದೆಗೆ ಪಾರ್ಶ್ವವಾಯು ಹೊಡೆದಾಗ ಅಲ್ಲಿ ರಾತ್ರಿ ಎರಡು ಗಂಟೆ. ಫೋನ್ ಮಾಡಿದ್ದು ಎದುರುಮನೆ ಹುಡುಗ. ಆಪರೇಷನ್ ಕಾಗದಕ್ಕೆ ಸಹಿ ಹಾಕಿದ್ದೂ ಅವನೇ. ಬೆಂಗಳೂರಿಗೆ ನೇರ ವಿಮಾನ ಇದ್ರೂ ನಾನು ಬಂದು ಮುಟ್ಟೋಷ್ಟರಲ್ಲಿ ಒಂದು ದಿನ ಕಳೆದಿತ್ತು. ಅಪ್ಪ ಉಳಿದ್ರು, ಆದ್ರೆ ಮಾತು ಹೋಯ್ತು. ಅವರ ಕೊನೆಯ ಮಾತು ಕೇಳಿಸಿಕೊಂಡಿದ್ದು ಆ ಹುಡುಗ. ನಾನು ವಾಪಸ್ ಬಂದಿದ್ದು ಅದಕ್ಕೆ.

ಹೇಮಾವತಿ ದಂಡೆ:
ಸರ್, ಇದನ್ನ ಹಂಚಿಕೊಂಡಿದ್ದಕ್ಕೆ ಏನು ಹೇಳಲಿ ಗೊತ್ತಾಗ್ತಿಲ್ಲ. ಅಮ್ಮನನ್ನ ಅಲ್ಲಿಗೇ ಕರ್ಕೊಂಡು ಹೋಗಬಹುದು ಅಂದ್ಕೊಂಡಿದ್ದೆ. ಆಗಲ್ವಾ?

ಈಸಾರ್ ಮಲ್ಲಿಗೆ:
ಪ್ರವಾಸಿ ವೀಸಾದಲ್ಲಿ 180 ದಿನದಲ್ಲಿ 90 ದಿನ ಇರಬಹುದು. ನಮ್ಮತ್ತೆ ಪ್ರತಿ ಬೇಸಿಗೆ ಬರ್ತಾರೆ. ಖಾಯಂ ಇರೋಕೆ, 2024ರ ಮಾರ್ಚ್ 1ರ ನಂತರ ಮೊದಲ ಸಲ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನ ಕರೆಸಬಹುದು ಅಂತ ಕಾನೂನು ಬಂದಿದೆ. ತೊಡಕು ಇರೋದು ಆರೋಗ್ಯವಿಮೆಯಲ್ಲಿ. ವಯಸ್ಸಾದವರನ್ನ ಸರ್ಕಾರಿ ವಿಮೆಗೆ ಹೊಸದಾಗಿ ಸೇರಿಸಿಕೊಳ್ಳೋದು ಕಷ್ಟ, ಖಾಸಗಿ ವಿಮೆ ತುಂಬ ದುಬಾರಿ. ಅಮ್ಮನ ವಯಸ್ಸು ಹೇಳಿ ಈಗಲೇ ವಿಮೆ ಕಂಪನಿಗಳಿಂದ ಲಿಖಿತ ದರ ತರಿಸಿಕೊಳ್ಳಿ.

ಧಾರವಾಡದಾಕಿ:
ನಾ ಸ್ಟುಟ್‌ಗಾರ್ಟಿನ್ಯಾಗ ದಂತವೈದ್ಯೆ. ಇಷ್ಟೆಲ್ಲಾ ಮಾತಾಡಿದ್ರಿ, ಹೇಮಾವತಿಯವರ ಹೆಂಡತಿ ಬಗ್ಗೆ ಒಬ್ಬರೂ ಕೇಳಲಿಲ್ಲಲ್ಲ. ಹಾಳ್ಯಾಗ ಆಕಿ 70 ಸಾವಿರ ಎಲ್ಲಿ ಹೋತು?

ನಾ ಹೇಳತೀನಿ ಕೇಳ್ರಿ. ಬ್ಲೂ ಕಾರ್ಡ್ (ಪದವಿ ಇದ್ದ ಹೊರದೇಶದ ಕೆಲಸಗಾರರಿಗೆ ಕೊಡೂ ವಾಸದ ಪರವಾನಗಿ) ಇದ್ದವರ ಹೆಂಡತಿಗೆ ಜರ್ಮನ್ ಪರೀಕ್ಷಾ ಇಲ್ಲದ ವೀಸಾ ಸಿಗತದ, ಬಂದ ದಿನದಿಂದ ಕೆಲಸಾ ಮಾಡಾಕ ಪರವಾನಗಿನೂ ಇರತದ. ಅದನ್ನ ಓದಿ ಎಲ್ಲಾರೂ ಖುಷಿ ಪಡ್ತಾರ. ಆದ್ರ ದಂತವೈದ್ಯಕೀಯ ಇಲ್ಲಿ ಲೈಸೆನ್ಸ್ ಬೇಕಾದ ವೃತ್ತಿ. ಅದಕ್ಕ ಅಪ್ರೊಬಾತ್ಸಿಯೋನ್ ಅಂತಾರ. ಮೊದಲ ಜರ್ಮನ್ ಭಾಷಾ ಬಿ2 (ಎ1ರಿಂದ ಸಿ2 ತನಕ ಆರು ಮಟ್ಟದಾಗ ನಾಲ್ಕನೇದು) ಆಗಬೇಕು, ಆಮ್ಯಾಲ ರೋಗಿ ಜೋಡಿ ಮಾತಾಡೂ ವೃತ್ತಿಭಾಷಾ ಪರೀಕ್ಷಾ, ಅದು ಸಿ1 ಮಟ್ಟದ್ದು. ನಮ್ಮ ಬಿಡಿಎಸ್ ಇಲ್ಲಿಯದಕ್ಕ ಸಮ ಅಂತ ಒಪ್ಪಲಿಲ್ಲಂದ್ರ ಜ್ಞಾನಪರೀಕ್ಷಾ ಬ್ಯಾರೆ. ನಡುವ ತಾತ್ಕಾಲಿಕ ಪರವಾನಗಿ ಸಿಕ್ರ ಇನ್ನೊಬ್ಬ ಡಾಕ್ಟರ ಕೈಕೆಳಗ ಕೆಲಸಾ ಮಾಡಬಹುದು.

ನನಗ ಎಲ್ಲಾ ಸೇರಿ ಮೂರು ವರ್ಷ ಹಿಡೀತು. ಹುಬ್ಬಳ್ಳ್ಯಾಗ ಎಂಟು ವರ್ಷ ಸ್ವಂತ ಕುರ್ಚಿ ಇಟ್ಟು ದವಾಖಾನಿ ನಡಿಸಿದಾಕಿ ನಾ. ಇಲ್ಲಿ ಬಂದ ಮ್ಯಾಲ ಕೈ ಚಳಿ ಹಿಡದಂಗ ಆಗಿತ್ತು. ದಿನಾ ರಾತ್ರಿ ಸಾಬೂನಿನ ತುಂಡಿನ್ಯಾಗ ಹಲ್ಲು ಕೆತ್ತತಿದ್ದೆ, ಬೆರಳಿಗೆ ರೂಢಿ ತಪ್ಪಬಾರದಂತ. ನಮ್ಮ ಯಜಮಾನರು ಆಫೀಸಿನಿಂದ ಬಂದು "ಇವತ್ತೇನು ಮಾಡಿದಿ?" ಅಂದ್ರ ಅಳು ಬರತಿತ್ತು. ಈಗ ಚಲೋ ಇದೀನ್ರಿ, ನನ್ನ ಪಗಾರ ಅವರಿಗಿಂತ ಕಡಿಮಿ ಇಲ್ಲ. ಹೋಗಬ್ಯಾಡ್ರಿ ಅನ್ನೂದಿಲ್ಲ. ಆ ಮೂರು ವರ್ಷ ಯಾರ ಆಯುಷ್ಯದಾಗಿಂದ ಹೋಗತಾವ ಅನ್ನೂದನ್ನ ಹಾಳ್ಯಾಗ ಬರೀರಿ. ಬರದು ಆಕಿ ಮುಂದ ಇಡ್ರಿ.

ಕುಡ್ಲದವ:
ಧಾರವಾಡದ ಅಕ್ಕ ಹೇಳಿದ್ದು ನೂರಕ್ಕೆ ನೂರು. ನನ್ನದು ಮಗಳ ವಿಷಯ ಮಾತ್ರ. ನಾವು ಆಗ್ಸ್‌ಬರ್ಗಿನಲ್ಲಿ, ಮ್ಯೂನಿಕ್ ಹಾಗೆ ಇದೂ ಬವೇರಿಯಾ. ಇಲ್ಲಿ ನಾಲ್ಕನೇ ಕ್ಲಾಸಿನಲ್ಲೇ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಂಚುವುದುಂಟು. ಗಿಮ್ನಾಸಿಯಂಗೆ, ಅಂದರೆ ಯೂನಿವರ್ಸಿಟಿಗೆ ನೇರ ದಾರಿಯ ಶಾಲೆಗೆ, ಹೋಗಬೇಕಾದರೆ ಜರ್ಮನ್, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿರಬೇಕು. ಇಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಅನುತ್ತೀರ್ಣ. ಅದರ ಕೆಳಗಿನ ಮಧ್ಯಮ ಹಂತದ ರಿಯಾಲ್‌ಶೂಲೆಗೆ 2.66. ಈ ಸರಾಸರಿ ಬರೆದ ಪ್ರಮಾಣಪತ್ರ ಕೊಡುವುದು ನಾಲ್ಕನೇ ಕ್ಲಾಸಿನ ಮೇ ತಿಂಗಳಲ್ಲಿ.

ನಿಮ್ಮ ಮಗಳಿಗೆ ಎಂಟು. ಬಂದು ಒಂದೂವರೆ ವರ್ಷದೊಳಗೆ, ಅಕ್ಷರದಿಂದ ಕಲಿಯುವ ಭಾಷೆಯಲ್ಲಿ ಅವಳು ಆ ಅಂಕ ತರಬೇಕು ಮಾರಾಯ್ರೆ! ಹೊಸ ಮಕ್ಕಳಿಗೆ ಜರ್ಮನ್ ಕಲಿಸುವ ಪ್ರತ್ಯೇಕ ತರಗತಿ ಉಂಟು, ಆಮೇಲೆ ಶಾಲೆ ಬದಲಿಸುವ ದಾರಿಯೂ ಉಂಟು, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ನನ್ನ ಮಗ ಆ ಎರಡಕ್ಕೂ ಅಂಕ ಸಾಲದವರು ಹೋಗುವ ಮಿಟ್ಟೆಲ್‌ಶೂಲೆಗೆ ಹೋಗಿ, ಅಲ್ಲಿಂದ ಹತ್ತಿ ಬಂದ. ಆದರೆ ಊರಲ್ಲಿ ಕ್ಲಾಸಿಗೆ ಮೊದಲಿದ್ದ ಹುಡುಗ ಎರಡು ವರ್ಷ ಬಾಯಿಯೇ ಬಿಡಲಿಲ್ಲ. ಬರ್ಲಿನ್ನಿನಲ್ಲಿ ಪ್ರಾಥಮಿಕ ಶಾಲೆ ಆರನೇ ಕ್ಲಾಸಿನವರೆಗೆ. ನಿಮ್ಮ ಕಂಪನಿಗೆ ಅಲ್ಲಿ ಆಫೀಸು ಉಂಟಾ?

ಕೆಂಗೇರಿ ಉಪನಗರ:
ಇದು ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಮಗೂನ ಅಂಕ ನೋಡಿ ದಾರಿ ಬೇರೆ ಮಾಡೋದು ಅಂದ್ರೆ ನನಗೆ ಒಗ್ಗಲ್ಲ. ಆದ್ರೂ ಇಲ್ಲಿ ಎಲ್‌ಕೆಜಿಗೆ ಲಕ್ಷಗಟ್ಟಲೆ ಫೀಸು ಕಟ್ತಿದೀವಿ, ಅಲ್ಲಿ ಸರ್ಕಾರಿ ಶಾಲೆಗೆ ಫೀಸೇ ಇಲ್ಲ ಅನ್ನೋದನ್ನೂ ಮರೀಬಾರದು.

ಹೇಮಾವತಿ ದಂಡೆ:
ನಿನ್ನೆ ರಾತ್ರಿ ಈ ಚರ್ಚೆ ಪೂರ್ತಿ ಹೆಂಡತಿಗೆ ಓದಿ ಹೇಳಿದೆ. ಧಾರವಾಡದ ಅಕ್ಕಾವ್ರು ಬರೆದಿದ್ದು ಕೇಳಿ ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಳೆ ತಗೊಂಡು ತನ್ನ ಸಾಲನ್ನ ತಾನೇ ಬರೆದಳು: ಮೂರು ವರ್ಷ, ತಿಂಗಳಿಗೆ 70 ಸಾವಿರದಂತೆ 25 ಲಕ್ಷ 20 ಸಾವಿರ. ಇದನ್ನ ನಾನು ಸೊನ್ನೆ ಅಂತ ಹಾಕಿದ್ದೆ. ತಪ್ಪಾಯ್ತು.

ಬೆಳಿಗ್ಗೆ ಕಂಪನಿಗೆ ಬರೆದಿದೀನಿ. ಬರ್ಲಿನ್ ಆಫೀಸಲ್ಲಿ ಜಾಗ ಇದೆಯಾ, ಸೇರೋ ದಿನ ಎಂಟು ತಿಂಗಳು ಮುಂದೆ ಹಾಕ್ತೀರಾ ಅಂತ ಕೇಳಿದೀನಿ. ಒಪ್ಪಿದ್ರೆ ಅವಳು, ಮಗಳು ಇಬ್ಬರೂ ಇಲ್ಲೇ ಜರ್ಮನ್ ಶುರು ಮಾಡ್ತಾರೆ, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಿಚಾರಿಸ್ತಿದೀನಿ. ಒಪ್ಪದಿದ್ರೆ ಈ ಆಫರ್ ಬಿಡ್ತೀನಿ. ಅಮ್ಮನ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಭಾನುವಾರ ಹಾಸನಕ್ಕೆ ಹೋಗಿ ಅವರನ್ನೇ ಕೇಳ್ತೀನಿ, ಇಷ್ಟು ದಿನ ಕೇಳೇ ಇರಲಿಲ್ಲ.

ಧಾರವಾಡದಾಕಿ:
ಚಲೋ ಮಾಡಿದ್ರಿ. ಆಕಿಗೆ ಹೇಳ್ರಿ, ಬೆಂಗಳೂರು ಬಿಡೂಕಿಂತ ಮೊದಲ ಬಿಡಿಎಸ್ ಐದೂ ವರ್ಷದ ಪಠ್ಯ, ಯಾವ ವಿಷಯಕ್ಕ ಎಷ್ಟು ತಾಸು ಅನ್ನೂದರ ಸಮೇತ, ಕಾಲೇಜಿಂದ ಮುದ್ರಿ ಹಾಕಿಸಿ ತಗೋಬೇಕು. ಇಲ್ಲಿ ಕುಂತು ತರಸೂದು ಭಾಳ ತ್ರಾಸ. ಕೆಲಸಾ ಮಾಡಿದ ಕ್ಲಿನಿಕ್ಕಿನ ಅನುಭವ ಪತ್ರಾನೂ ಇರಲಿ.

ಈಸಾರ್ ಮಲ್ಲಿಗೆ:
ಮನೆ ಹುಡುಕುವಾಗ ಜಾಹೀರಾತಲ್ಲಿ "ಐನ್‌ಬೌಕ್ಯೂಷೆ" ಅನ್ನೋ ಪದ ಇದೆಯಾ ನೋಡಿ ಸರ್. ಇದ್ರೆ ಅಡುಗೆಮನೆ ಸಮೇತ ಅಂತ ಅರ್ಥ.