ಅಪ್‌ಡೇಟ್: ಹಳೆಯ ಲ್ಯಾಪ್‌ಟಾಪಿನಲ್ಲಿ ಡಿಲ್ಲೋ ಬ್ರೌಸರ್
2 ಜಿಬಿ ರ‍್ಯಾಮ್ ಇರುವ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿಗೆ ಹಗುರವಾದ ಬ್ರೌಸರ್ ಯಾವುದು, ಡಿಲ್ಲೋದಲ್ಲಿ ನಾನು ಮಾಡಿದ ಬದಲಾವಣೆಗಳು ಏಕೆ ಕಾಣಿಸುತ್ತಿಲ್ಲ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು, ಸಮಸ್ಯೆ ಬಗೆಹರಿದಿದೆ.

ತಪ್ಪು ನನ್ನದೇ ಆಗಿತ್ತು. ಹೋಮ್ ಫೋಲ್ಡರಿನೊಳಗೆ ಅಡಗಿರುವ ಡಿಲ್ಲೋ ಫೋಲ್ಡರಿನ ಡಿಲ್ಲೋಆರ್‌ಸಿ ಎಂಬ ಸೆಟ್ಟಿಂಗ್‌ಗಳ ಕಡತದಲ್ಲಿ ಮೌಲ್ಯಗಳನ್ನು ತಿದ್ದಿದ್ದೆನಾದರೂ, ಸಾಲಿನ ಆರಂಭದಲ್ಲಿದ್ದ ಹ್ಯಾಶ್ (#) ಚಿಹ್ನೆಯನ್ನು ಅಳಿಸಿರಲಿಲ್ಲವಾದ್ದರಿಂದ ಬ್ರೌಸರ್ ಆ ಸಾಲುಗಳನ್ನು ಟಿಪ್ಪಣಿಗಳೆಂದು ಬಿಟ್ಟುಬಿಡುತ್ತಿತ್ತು. ಚಿಹ್ನೆಯನ್ನು ತೆಗೆದು ಬ್ರೌಸರನ್ನು ಮುಚ್ಚಿ ತೆರೆದ ಕೂಡಲೇ ಅಕ್ಷರದ ಗಾತ್ರವೂ ಮುಖಪುಟವೂ ನಾನು ಬಯಸಿದಂತೆ ಬಂದವು.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು, ಪುಟಗಳು ಹೇಗೆ ಕಾಣಬೇಕೆಂದು ನಾವೇ ಸೂಚಿಸುವ ಸ್ವಂತ ಶೈಲಿ ಕಡತ. ಅದೇ ಫೋಲ್ಡರಿನಲ್ಲಿ ಸ್ಟೈಲ್ ಡಾಟ್ ಸಿಎಸ್‌ಎಸ್ ಎಂಬ ಕಡತವನ್ನು ರಚಿಸಿ, ಹಿನ್ನೆಲೆಗೆ ತಿಳಿ ಬಣ್ಣ ಮತ್ತು ಸಾಲುಗಳ ನಡುವೆ ಹೆಚ್ಚು ಅಂತರವನ್ನು ಸೂಚಿಸಿದೆ; ಪುಟದ ಮೂಲ ಶೈಲಿಯನ್ನು ಮೀರಬೇಕಾದಲ್ಲಿ ನಿಯಮದ ಕೊನೆಗೆ ಉದ್ಗಾರ ಚಿಹ್ನೆಯೊಡನೆ ‘ಇಂಪಾರ್ಟೆಂಟ್’ ಪದವನ್ನು ಸೇರಿಸುವುದು ಅಗತ್ಯ. ದೀರ್ಘ ಲೇಖನಗಳನ್ನು ಓದುವಾಗ ಕಣ್ಣಿಗೆ ನಿಜಕ್ಕೂ ಹಿತವೆನಿಸುತ್ತಿದೆ.

ಡಿಲ್ಲೋ ಮೊದಲಿನಿಂದಲೇ ಕುಕೀಗಳನ್ನು (ತಾಣಗಳು ಬ್ರೌಸರಿನಲ್ಲಿ ಉಳಿಸುವ ಸಣ್ಣ ಮಾಹಿತಿ ತುಣುಕುಗಳನ್ನು) ನಿರಾಕರಿಸುತ್ತದೆ. ಬೇಕಾದ ತಾಣಗಳಿಗಷ್ಟೇ ಕುಕೀಸ್‌ಆರ್‌ಸಿ ಕಡತದಲ್ಲಿ ಅನುಮತಿ ನೀಡಿದ್ದೇನೆ.

ಪುಟಗಳೊಳಗೆ ಪ್ರೋಗ್ರಾಂ ನಡೆಸುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಬೆಂಬಲ ಇದರಲ್ಲಿಲ್ಲ. ಹೀಗಾಗಿ ಬ್ಯಾಂಕಿಂಗ್ ಮತ್ತು ವಿಡಿಯೊಗಾಗಿ ಇನ್ನೊಂದು ಬ್ರೌಸರನ್ನು ಉಳಿಸಿಕೊಂಡಿದ್ದೇನೆ. ಓದುವ ಕೆಲಸವೆಲ್ಲ ಈಗ ಡಿಲ್ಲೋದಲ್ಲೇ ನಡೆಯುತ್ತಿದೆ. ಕೀಸ್‌ಆರ್‌ಸಿ ಕಡತದ ಮೂಲಕ ಕೀಲಿಮಣೆ ಶಾರ್ಟ್‌ಕಟ್‌ಗಳನ್ನು ಬದಲಾಯಿಸುವುದಷ್ಟೇ ಬಾಕಿ.